ಗಿಂಪ್ ತಂತ್ರಾಂಶದಲ್ಲಿ ಆಕೃತಿ ಮಾರ್ಪಾಡು

ಆಕೃತಿ ಮಾರ್ಪಾಡು ಎಂದರೆ ಛಾಯಾಚಿತ್ರದಲ್ಲಿರುವ ವ್ಯಕ್ತಿಯ ಅಥವಾ ವಸ್ತುವಿನ ಹೊರರೇಖೆಯನ್ನು ಗಣಕದ ನೆರವಿನಿಂದ ಸರಿಸಿ, ಹಿಗ್ಗಿಸಿ ಅಥವಾ ಕುಗ್ಗಿಸಿ ಬೇರೆ ರೂಪಕ್ಕೆ ತರುವ ಕ್ರಿಯೆ. ಬಣ್ಣ ಮತ್ತು ಬೆಳಕನ್ನು ತಿದ್ದುವಾಗ ಚಿತ್ರದ ಪ್ರತಿಯೊಂದು ಬಿಂದುವೂ ತನ್ನ ಸ್ಥಳದಲ್ಲಿಯೇ ಇರುತ್ತದೆ, ಅದರ ಬಣ್ಣ ಮಾತ್ರ ಬದಲಾಗುತ್ತದೆ. ಆಕೃತಿ ಮಾರ್ಪಾಡಿನಲ್ಲಿ ಬಿಂದುಗಳು ಸ್ಥಳವನ್ನೇ ಬದಲಿಸುತ್ತವೆ. ಈ ಕೆಲಸಕ್ಕೆ ಬಳಕೆಯಲ್ಲಿರುವ ಮುಕ್ತ ತಂತ್ರಾಂಶಗಳಲ್ಲಿ ಗಿಂಪ್ ಪ್ರಮುಖವಾದುದು. ಈ ಲೇಖನವು ಗಿಂಪ್‌ನಲ್ಲಿರುವ ವಾರ್ಪ್ ಟ್ರಾನ್ಸ್‌ಫಾರ್ಮ್ ಮತ್ತು ಕೇಜ್ ಟ್ರಾನ್ಸ್‌ಫಾರ್ಮ್ ಎಂಬ ಎರಡು ಸಾಧನಗಳ ತತ್ತ್ವ, ಬಳಕೆ ಮತ್ತು ಮಿತಿಗಳನ್ನೂ, ಇಂತಹ ತಿದ್ದುಪಡಿಗೆ ಸಂಬಂಧಿಸಿದ ಒಪ್ಪಿಗೆ ಹಾಗೂ ಕಾನೂನಿನ ಪ್ರಶ್ನೆಗಳನ್ನೂ ವಿವರಿಸುತ್ತದೆ. ಸಾಧನಗಳ ಹೆಸರನ್ನು ತಂತ್ರಾಂಶದ ಇಂಗ್ಲಿಷ್ ಪಟ್ಟಿಯಲ್ಲಿ ಕಾಣುವ ಉಚ್ಚಾರಣೆಯಲ್ಲಿಯೇ ಕೊಡಲಾಗಿದೆ. ಅನುವಾದಿಸಿದ ಹೆಸರನ್ನು ಹಿಡಿದು ಪರದೆಯ ಮೇಲೆ ಹುಡುಕುವ ವಿದ್ಯಾರ್ಥಿಗೆ ಸಾಧನ ಸಿಗುವುದು ಕಷ್ಟ.

ಹಿನ್ನೆಲೆ

ಛಾಯಾಚಿತ್ರದಲ್ಲಿ ಮನುಷ್ಯನ ಆಕೃತಿಯನ್ನು ತಿದ್ದುವ ಅಭ್ಯಾಸ ಗಣಕಕ್ಕಿಂತ ಬಹಳ ಹಳೆಯದು. 19ನೆಯ ಶತಮಾನದ ಸ್ಟುಡಿಯೋಗಳಲ್ಲಿ ಗಾಜಿನ ನೆಗೆಟಿವ್‌ನ ಮೇಲೆಯೇ ಈ ಕೆಲಸ ನಡೆಯುತ್ತಿತ್ತು. ನೆಗೆಟಿವ್‌ನ ಮೇಲೆ ಸೀಸದ ಕಡ್ಡಿಯಿಂದ ನಯವಾಗಿ ತೀಡಿದರೆ ಮುದ್ರಿತ ಚಿತ್ರದಲ್ಲಿ ಆ ಭಾಗ ತಿಳಿಯಾಗುತ್ತದೆ. ಹರಿತವಾದ ಚಾಕುವಿನಿಂದ ಕೆರೆದರೆ ಕಪ್ಪಾಗುತ್ತದೆ. ತಿಳಿಬಣ್ಣದ ಪರದೆಯ ಮುಂದೆ ಕಪ್ಪು ಉಡುಪು ಧರಿಸಿ ನಿಂತವರ ಸೊಂಟವನ್ನು ಸಣ್ಣದಾಗಿಸಲು ಸೀಸದ ಕಡ್ಡಿಯೇ ಸಾಕಾಗುತ್ತಿತ್ತು. ಇದು ನುರಿತ ಕೈಯ ಕೆಲಸವಾಗಿದ್ದುದರಿಂದ ಸ್ಟುಡಿಯೋದ ಒಳಗೇ ಉಳಿದಿತ್ತು.

ಗಣಕದಲ್ಲಿ ಈ ಕೆಲಸ ಜನಪ್ರಿಯವಾದದ್ದು ಅಡೋಬಿ ಸಂಸ್ಥೆಯು 2000ದಲ್ಲಿ ಫೋಟೊಶಾಪ್‌ನ 6ನೆಯ ಆವೃತ್ತಿಯಲ್ಲಿ ಲಿಕ್ವಿಫೈ ಎಂಬ ಸೌಲಭ್ಯವನ್ನು ನೀಡಿದ ಮೇಲೆ. ಆದರೆ ಅದು ಹಣ ತೆತ್ತು ಪಡೆಯಬೇಕಾದ ತಂತ್ರಾಂಶ.

ಗಿಂಪ್ ಆರಂಭವಾದುದು 1995ರಲ್ಲಿ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಇದನ್ನು ಬರೆದರು. 1996ರಲ್ಲಿ ಮೊದಲ ಸಾರ್ವಜನಿಕ ಆವೃತ್ತಿ ಬಂದಿತು. ಮುಂದೆ ಇದು ಗ್ನೂ ಯೋಜನೆಯ ಭಾಗವಾಯಿತು. ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್‌ನಡಿ ದೊರೆಯುವ ಈ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಪ್ರತಿ ಮಾಡಿ ಹಂಚಬಹುದು, ಅದರ ಮೂಲಸಂಕೇತವನ್ನು ಓದಿ ಬದಲಿಸಬಹುದು. ಬೆಲೆಯಿಲ್ಲದಿರುವುದು ಮತ್ತು ಮುಕ್ತವಾಗಿರುವುದು ಎರಡೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮೊಬೈಲ್ ಫೋನುಗಳಲ್ಲಿ ಪುಕ್ಕಟೆಯಾಗಿ ಸಿಗುವ ಅನೇಕ ಸೌಂದರ್ಯ ಫಿಲ್ಟರುಗಳು ಮುಖವನ್ನು ಹೇಗೆ ಬದಲಿಸುತ್ತವೆ ಎಂಬುದು ಬಳಸುವವರಿಗೆ ತಿಳಿಯುವುದಿಲ್ಲ. ಗಿಂಪ್‌ನಲ್ಲಿ ಅದನ್ನು ನೋಡಿ ಕಲಿಯಬಹುದು.

ಗಿಂಪ್‌ನ ಹಳೆಯ ಆವೃತ್ತಿಗಳಲ್ಲಿ ಐವಾರ್ಪ್ ಎಂಬ ಫಿಲ್ಟರ್ ಇತ್ತು. ಅದರಲ್ಲಿ ಒಂದು ಚಿಕ್ಕ ಮುನ್ನೋಟದ ಕಿಟಕಿಯೊಳಗೆ ಚಿತ್ರವನ್ನು ಎಳೆಯಬೇಕಾಗಿತ್ತು; ದೊಡ್ಡ ಚಿತ್ರದ ಸೂಕ್ಷ್ಮಭಾಗಗಳನ್ನು ತಿದ್ದುವುದು ಅದರಲ್ಲಿ ತ್ರಾಸದಾಯಕವಾಗಿತ್ತು. 2012ರಲ್ಲಿ ಬಂದ 2.8ನೆಯ ಆವೃತ್ತಿ ಕೇಜ್ ಟ್ರಾನ್ಸ್‌ಫಾರ್ಮ್ ಸಾಧನವನ್ನೂ, 2018ರ ಏಪ್ರಿಲ್‌ನಲ್ಲಿ ಬಂದ 2.10ನೆಯ ಆವೃತ್ತಿ ವಾರ್ಪ್ ಟ್ರಾನ್ಸ್‌ಫಾರ್ಮ್ ಸಾಧನವನ್ನೂ ಸೇರಿಸಿದವು. ಎರಡನೆಯದು ಐವಾರ್ಪ್‌ನ ಸ್ಥಾನವನ್ನು ತುಂಬಿತು, ಮತ್ತು ಅದರಲ್ಲಿ ನೇರವಾಗಿ ಚಿತ್ರದ ಮೇಲೆಯೇ ಕೆಲಸ ಮಾಡಬಹುದಾಯಿತು. 3.0 ಆವೃತ್ತಿ 2025ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು.

ಕಾರ್ಯತತ್ತ್ವ

ಅಂಕೀಯ ಚಿತ್ರವೆಂದರೆ ಸಾಲುಸಾಲಾಗಿ ಜೋಡಿಸಿದ ಪಿಕ್ಸೆಲ್ ಎಂಬ ಬಿಂದುಗಳ ಚೌಕಟ್ಟು. ಬಳಕೆದಾರ ಮೌಸ್‌ನಿಂದ ಚಿತ್ರವನ್ನು ತಳ್ಳಿದಾಗ ತಂತ್ರಾಂಶವು ಬಿಂದುಗಳನ್ನು ಎತ್ತಿ ಬೇರೆಡೆ ಇಡುತ್ತದೆ ಎಂದು ತೋರುತ್ತದೆ. ವಾಸ್ತವದಲ್ಲಿ ಲೆಕ್ಕ ಹಿಮ್ಮುಖವಾಗಿ ನಡೆಯುತ್ತದೆ. ಹೊಸ ಚಿತ್ರದ ಪ್ರತಿಯೊಂದು ಬಿಂದುವಿಗೂ, ಅದರ ಬಣ್ಣವನ್ನು ಮೂಲಚಿತ್ರದ ಯಾವ ಸ್ಥಳದಿಂದ ತರಬೇಕು ಎಂದು ಕೇಳಲಾಗುತ್ತದೆ. ಹೀಗೆ ಮಾಡದಿದ್ದರೆ ಹಿಗ್ಗಿಸಿದ ಭಾಗದಲ್ಲಿ ಬಣ್ಣವಿಲ್ಲದ ತೂತುಗಳು ಉಳಿಯುತ್ತವೆ. ಹುಡುಕಿದ ಸ್ಥಳ ಸಾಮಾನ್ಯವಾಗಿ ಎರಡು ಬಿಂದುಗಳ ನಡುವೆ ಎಲ್ಲೋ ಬೀಳುವುದರಿಂದ ಸುತ್ತಲಿನ ಬಿಂದುಗಳ ಬಣ್ಣವನ್ನು ಬೆರೆಸಿ ಅಂದಾಜು ಮಾಡಲಾಗುತ್ತದೆ. ಇದಕ್ಕೆ ಇಂಟರ್‌ಪೊಲೇಷನ್ ಎಂದು ಹೆಸರು.

ಈ ಅಂದಾಜು ಪ್ರತಿ ಬಾರಿಯೂ ಚಿತ್ರವನ್ನು ತುಸು ಮಸುಕುಗೊಳಿಸುತ್ತದೆ. ವಾರ್ಪ್ ಸಾಧನವು ಇದನ್ನು ಜಾಣತನದಿಂದ ನಿಭಾಯಿಸುತ್ತದೆ. ಬಳಕೆದಾರ ಹತ್ತು ಸಲ ಕುಂಚವನ್ನು ಎಳೆದರೂ ಅದು ಚಿತ್ರವನ್ನು ಹತ್ತು ಸಲ ಬದಲಿಸುವುದಿಲ್ಲ. ಪ್ರತಿ ಬಿಂದು ಎಷ್ಟು ದೂರ, ಯಾವ ದಿಕ್ಕಿಗೆ ಸರಿಯಿತು ಎಂಬ ಪಟ್ಟಿಯೊಂದನ್ನು ಮಾತ್ರ ತಿದ್ದುತ್ತ ಹೋಗಿ, ಆ ಪಟ್ಟಿಯನ್ನು ಮೂಲಚಿತ್ರಕ್ಕೆ ಅನ್ವಯಿಸಿ ತೋರಿಸುತ್ತದೆ. ಎಂಟರ್ ಕೀಲಿ ಒತ್ತಿದಾಗ ಮಾತ್ರ ಬದಲಾವಣೆ ಪದರದಲ್ಲಿ ನೆಲೆಗೊಳ್ಳುತ್ತದೆ. ಆದ್ದರಿಂದ ಇಡೀ ತಿದ್ದುಪಡಿಯನ್ನು ಒಂದೇ ಬಾರಿಗೆ ಮುಗಿಸಿ ಎಂಟರ್ ಒತ್ತುವುದು ಒಳ್ಳೆಯದು. ಸ್ವಲ್ಪ ತಿದ್ದಿ ಎಂಟರ್, ಮತ್ತೆ ಸ್ವಲ್ಪ ತಿದ್ದಿ ಎಂಟರ್ ಎಂಬ ಕ್ರಮದಲ್ಲಿ ಚರ್ಮದ ಮತ್ತು ಬಟ್ಟೆಯ ನೇಯ್ಗೆಯ ವಿವರಗಳು ಕ್ರಮೇಣ ಕರಗಿಹೋಗುತ್ತವೆ.

ಇನ್ನೊಂದು ಅಂಶವೂ ಇಷ್ಟೇ ಮುಖ್ಯ. ತಂತ್ರಾಂಶಕ್ಕೆ ದೇಹ ಯಾವುದು, ಗೋಡೆ ಯಾವುದು ಎಂಬುದು ತಿಳಿಯದು. ಹೋಳಿಗೆಯ ಕಣಕವನ್ನು ಒಂದು ಕಡೆ ಒತ್ತಿದರೆ ಪಕ್ಕದ ಹಿಟ್ಟೂ ಜರುಗುವಂತೆ, ಸೊಂಟದ ಅಂಚನ್ನು ಒಳಕ್ಕೆ ತಳ್ಳಿದರೆ ಅದರ ಹಿಂದಿನ ಬಾಗಿಲ ಚೌಕಟ್ಟೂ ಬಾಗುತ್ತದೆ. ಆಕೃತಿ ಮಾರ್ಪಾಡಿನ ಕಷ್ಟಗಳಲ್ಲಿ ಬಹುಪಾಲು ಇದರಿಂದಲೇ ಹುಟ್ಟುತ್ತವೆ.

ವಾರ್ಪ್ ಟ್ರಾನ್ಸ್‌ಫಾರ್ಮ್ ಬಳಸುವ ಕ್ರಮ

ಮೊದಲು ಚಿತ್ರವನ್ನು ತೆರೆದು, ಅದರ ಪದರವನ್ನು ಲೇಯರ್ ಪಟ್ಟಿಯಿಂದ ನಕಲು ಮಾಡಿಕೊಳ್ಳಬೇಕು. ತಿದ್ದುಪಡಿ ಮೇಲಿನ ನಕಲಿನಲ್ಲಿ ನಡೆಯುತ್ತದೆ, ಕೆಳಗಿನ ಮೂಲ ಹಾಗೆಯೇ ಉಳಿಯುತ್ತದೆ. ಈ ಒಂದು ಹೆಜ್ಜೆಯನ್ನು ಬಿಟ್ಟು, ಮನೆಯಲ್ಲಿದ್ದ ಒಂದೇ ಪ್ರತಿಯನ್ನು ಕೆಡಿಸಿಕೊಂಡವರು ಬಹಳ ಮಂದಿ. ಅನಂತರ ಡಬ್ಲ್ಯು ಕೀಲಿಯನ್ನು ಒತ್ತಿದರೆ, ಅಥವಾ ಟೂಲ್ಸ್ ಪಟ್ಟಿಯ ಟ್ರಾನ್ಸ್‌ಫಾರ್ಮ್ ಟೂಲ್ಸ್ ವಿಭಾಗಕ್ಕೆ ಹೋದರೆ, ವಾರ್ಪ್ ಸಾಧನ ದೊರೆಯುತ್ತದೆ.

ಸಾಧನಕ್ಕೆ ಹಲವು ವರ್ತನೆಗಳಿವೆ. ಮೂವ್ ಪಿಕ್ಸೆಲ್ಸ್ ಎಂಬುದು ಎಳೆದ ದಿಕ್ಕಿಗೆ ಬಿಂದುಗಳನ್ನು ತಳ್ಳುತ್ತದೆ. ಹೆಚ್ಚಿನ ಕೆಲಸಕ್ಕೆ ಇದೊಂದೇ ಸಾಕು. ಗ್ರೋ ಏರಿಯಾ ಒಂದು ಭಾಗವನ್ನು ಉಬ್ಬಿಸುತ್ತದೆ, ಶ್ರಿಂಕ್ ಏರಿಯಾ ಕುಗ್ಗಿಸುತ್ತದೆ. ಸ್ವರ್ಲ್ ಎಂಬ ಎರಡು ವರ್ತನೆಗಳು ಬಲಕ್ಕೂ ಎಡಕ್ಕೂ ಸುಳಿಯಂತೆ ತಿರುಗಿಸುತ್ತವೆ. ಇವು ಮನುಷ್ಯರ ಚಿತ್ರಕ್ಕಿಂತ ಹೊಗೆ, ನೀರು, ಕೂದಲಿಗೆ ಒಪ್ಪುತ್ತವೆ. ಇರೇಸ್ ವಾರ್ಪಿಂಗ್ ಎಂಬುದು ಅತ್ಯಂತ ಉಪಯುಕ್ತವಾದರೂ ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಎಂಟರ್ ಒತ್ತುವ ಮೊದಲು ಅದನ್ನು ಯಾವ ಭಾಗದ ಮೇಲೆ ಸವರಿದರೂ ಆ ಭಾಗ ಮಾತ್ರ ಮೊದಲಿನ ಸ್ಥಿತಿಗೆ ಮರಳುತ್ತದೆ. ಸ್ಮೂತ್ ವಾರ್ಪಿಂಗ್ ತಿದ್ದಿದ ಕಡೆಯ ಏರುಪೇರುಗಳನ್ನು ಸಮಗೊಳಿಸುತ್ತದೆ.

ಕುಂಚದ ಗಾತ್ರವನ್ನು ಸೈಜ್, ಅಂಚಿನ ಗಡಸುತನವನ್ನು ಹಾರ್ಡ್‌ನೆಸ್, ತಳ್ಳುವ ಬಲವನ್ನು ಸ್ಟ್ರೆಂತ್ ನಿರ್ಧರಿಸುತ್ತವೆ. ಹೊಸಬರು ಮಾಡುವ ಸಾಮಾನ್ಯ ತಪ್ಪು ಚಿಕ್ಕ ಕುಂಚವನ್ನು ಹಿಡಿಯುವುದು. ಚಿಕ್ಕ ಕುಂಚದಿಂದ ತೋಳಿನ ಅಂಚನ್ನು ತಳ್ಳಿದರೆ ಅಂಚು ಅಲೆಅಲೆಯಾಗಿ, ಕಡಿದ ಜೋಳದ ತೆನೆಯಂತೆ ಕಾಣುತ್ತದೆ. ತಿದ್ದಬೇಕಾದ ಭಾಗಕ್ಕಿಂತ ದೊಡ್ಡದಾದ ಕುಂಚ, ಕಡಿಮೆ ಬಲ, ನಿಧಾನವಾದ ಎಳೆತ ಇವು ಮೂರೂ ಸೇರಿದರೆ ಅಂಚು ಸಹಜವಾಗಿ ಉಳಿಯುತ್ತದೆ. ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಒಂದೊಂದೇ ಎಳೆತವನ್ನು ಹಿಂದಕ್ಕೆ ಪಡೆಯಬಹುದು.

ಕೆಲಸ ಮುಗಿದ ಮೇಲೆ ಕಡತವನ್ನು ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿದರೆ ಪದರಗಳು ಬೇರೆಬೇರೆಯಾಗಿ ಉಳಿಯುತ್ತವೆ. ಜೆಪೆಗ್ ರೂಪ ಬೇಕಾದರೆ ಸೇವ್ ಬದಲು ಎಕ್ಸ್‌ಪೋರ್ಟ್ ಆಜ್ಞೆಯನ್ನು ಬಳಸಬೇಕು. ಆ ಕಡತಕ್ಕೆ ಮೂಲದ ಹೆಸರನ್ನೇ ಇಡಬಾರದು.

ಹಿನ್ನೆಲೆ ಬಾಗದಂತೆ ಮಾಡುವುದು

ಹಿಂದೆ ಆಕಾಶವೋ ಹುಲ್ಲುಗಾವಲೋ ಇದ್ದರೆ ಅಲ್ಪಸ್ವಲ್ಪ ಬಾಗಿದ್ದು ತಿಳಿಯುವುದಿಲ್ಲ. ಇಟ್ಟಿಗೆಯ ಗೋಡೆ, ಕಿಟಕಿಯ ಸರಳು, ನೆಲದ ಹಾಸುಗಲ್ಲುಗಳಿದ್ದರೆ ಮೋಸ ಕೂಡಲೇ ಹೊರಬೀಳುತ್ತದೆ. ಇದಕ್ಕೆ ಎರಡು ಉಪಾಯಗಳಿವೆ.

ಸುಲಭವಾದುದು ಲೇಯರ್ ಮಾಸ್ಕ್. ತಿದ್ದಿದ ಪದರಕ್ಕೆ ಮಾಸ್ಕ್ ಸೇರಿಸಿ, ದೇಹದಿಂದ ದೂರದಲ್ಲಿ ಬಾಗಿರುವ ಗೆರೆಗಳ ಮೇಲೆ ಕಪ್ಪು ಬಣ್ಣ ಬಳಿದರೆ ಅಲ್ಲಿ ಕೆಳಗಿನ ಮೂಲಚಿತ್ರ ಕಾಣಿಸಿಕೊಳ್ಳುತ್ತದೆ. ಆದರೆ ದೇಹ ಮೊದಲು ಆವರಿಸಿದ್ದು, ಈಗ ತೆರವಾಗಿರುವ ಕಿರಿದಾದ ಪಟ್ಟಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಮಾಸ್ಕ್ ಬಳಸಿದರೆ ಹಳೆಯ ಸೊಂಟವೇ ಮರಳಿ ಬರುತ್ತದೆ.

ಶ್ರಮದ, ಆದರೆ ಸರಿಯಾದ ದಾರಿ ಆಕೃತಿಯನ್ನು ಹಿನ್ನೆಲೆಯಿಂದ ಬೇರ್ಪಡಿಸುವುದು. ವ್ಯಕ್ತಿಯ ಸುತ್ತ ಆಯ್ಕೆಯ ಗೆರೆ ಎಳೆದು, ಆ ಭಾಗವನ್ನು ಸ್ವಂತ ಪದರಕ್ಕೆ ವರ್ಗಾಯಿಸಬೇಕು. ಕೆಳಗಿನ ಪದರದಲ್ಲಿ ಕ್ಲೋನ್ ಮತ್ತು ಹೀಲ್ ಸಾಧನಗಳಿಂದ ವ್ಯಕ್ತಿಯ ಅಂಚನ್ನು ಅಳಿಸಿ, ಗೋಡೆಯನ್ನು ಒಳಕ್ಕೆ ಮುಂದುವರಿಸಬೇಕು. ಆಮೇಲೆ ವ್ಯಕ್ತಿಯ ಪದರವನ್ನು ಮಾತ್ರ ತಿದ್ದಿದರೆ ಗೋಡೆ ಅಲುಗುವುದಿಲ್ಲ. ಆಕೃತಿಯನ್ನು ಹಿಗ್ಗಿಸಬೇಕಾದಾಗ ಆ ಪದರವನ್ನು ಲೇಯರ್ ಟು ಇಮೇಜ್ ಸೈಜ್ ಆಜ್ಞೆಯಿಂದ ಪೂರ್ಣ ಅಳತೆಗೆ ತರದಿದ್ದರೆ ಅದರ ಗಡಿಯಲ್ಲಿ ಚಿತ್ರ ಕತ್ತರಿಸಿಹೋಗುತ್ತದೆ. ಹೀಗೆ ತುಂಬಿದ ಗೋಡೆ ಕಾಣಲು ಎಷ್ಟೇ ಚೆನ್ನಾಗಿದ್ದರೂ ಅದು ಊಹೆಯಿಂದ ಬರೆದದ್ದು. ಕ್ಯಾಮೆರಾ ಅದನ್ನು ನೋಡಿರಲಿಲ್ಲ.

ಕೇಜ್ ಟ್ರಾನ್ಸ್‌ಫಾರ್ಮ್

ಕೇಜ್ ಎಂದರೆ ಪಂಜರ. ಈ ಸಾಧನದಲ್ಲಿ ಆಕೃತಿಯ ಸುತ್ತ ಬಿಂದುಗಳನ್ನಿಟ್ಟು ಒಂದು ಪಂಜರವನ್ನು ಕಟ್ಟಲಾಗುತ್ತದೆ. ಬಳಿಕ ಪಂಜರದ ಮೂಲೆಗಳನ್ನು ಎಳೆದಂತೆ ಒಳಗಿನ ಚಿತ್ರ ಅದಕ್ಕೆ ಅನುಗುಣವಾಗಿ ಬಾಗುತ್ತದೆ. ಇದರ ಗಣಿತಕ್ಕೆ ಆಧಾರ ಯಾರೋನ್ ಲಿಪ್‌ಮನ್, ಡೇವಿಡ್ ಲೆವಿನ್ ಮತ್ತು ಡೇನಿಯಲ್ ಕೋಹೆನ್-ಓರ್ 2008ರಲ್ಲಿ ಪ್ರಕಟಿಸಿದ ಗ್ರೀನ್ ನಿರ್ದೇಶಾಂಕಗಳ ವಿಧಾನ. ಒಳಗಿನ ವಿವರಗಳು ಹರಿದುಹೋಗದೆ, ಕೋನಗಳು ಸಾಧ್ಯವಾದಷ್ಟು ಉಳಿಯುವುದು ಈ ವಿಧಾನದ ಗುಣ. ಗೂಗಲ್ ಸಂಸ್ಥೆಯ 2010ರ ಸಮರ್ ಆಫ್ ಕೋಡ್ ಕಾರ್ಯಕ್ರಮದಲ್ಲಿ ಮೈಕೆಲ್ ಮ್ಯೂರೆ ಇದನ್ನು ಗಿಂಪ್‌ಗೆ ಅಳವಡಿಸುವ ಕೆಲಸ ಕೈಗೊಂಡರು.

ಬಾಗಿದ ಕೈಯನ್ನು ನೇರಗೊಳಿಸುವುದು, ಗೋಪುರದ ವಾಲಿಕೆಯನ್ನು ಸರಿಪಡಿಸುವುದು ಮೊದಲಾದ ದೊಡ್ಡ ಅಳತೆಯ ಬದಲಾವಣೆಗೆ ಕೇಜ್ ಒಪ್ಪುತ್ತದೆ. ಕೆನ್ನೆಯ ತಿರುವಿನಂತಹ ಸಣ್ಣ ಕೆಲಸಕ್ಕೆ ವಾರ್ಪ್ ಲೇಸು. ದೊಡ್ಡ ಚಿತ್ರಗಳಲ್ಲಿ ಕೇಜ್‌ನ ಲೆಕ್ಕ ನಿಧಾನವಾಗಿ ಸಾಗುತ್ತದೆ.

ಮಸೂರದಿಂದಾಗುವ ವಿಕೃತಿ

ಆಕೃತಿ ಮಾರ್ಪಾಡೆಲ್ಲವೂ ಸುಳ್ಳು ಹೇಳುವ ಕೆಲಸವೆಂದು ಭಾವಿಸುವುದು ಸರಿಯಲ್ಲ. ಕ್ಯಾಮೆರಾ ಕೂಡ ಆಕೃತಿಯನ್ನು ಬದಲಿಸುತ್ತದೆ. ವಿಶಾಲಕೋನದ ಮಸೂರವು ನೇರ ಗೆರೆಗಳನ್ನು ನೇರವಾಗಿಯೇ ಉಳಿಸಲು ಹೋಗಿ, ಅಂಚಿನಲ್ಲಿರುವ ವಸ್ತುಗಳನ್ನು ಹೊರಕ್ಕೆ ಜಗ್ಗುತ್ತದೆ. ಇದನ್ನು ಸರಳ ರೇಖಾಗಣಿತದಿಂದ ಲೆಕ್ಕ ಹಾಕಬಹುದು. 36 ಮಿಲಿಮೀಟರ್ ಅಗಲದ ಪೂರ್ಣಚೌಕಟ್ಟಿನ ಕ್ಯಾಮೆರಾಕ್ಕೆ 24 ಮಿಲಿಮೀಟರ್ ಮಸೂರ ಹಾಕಿದರೆ, ಪಕ್ಕದ ಅಂಚಿನ ನಡುಭಾಗವು ಮಧ್ಯದಿಂದ ಸುಮಾರು 37 ಡಿಗ್ರಿ ಕೋನದಲ್ಲಿರುತ್ತದೆ. ಅಲ್ಲಿ ಇಟ್ಟ ಚೆಂಡು ತನ್ನ ಎತ್ತರಕ್ಕಿಂತ ಶೇ. 25ರಷ್ಟು ಹೆಚ್ಚು ಅಗಲವಾಗಿ ಕಾಣುತ್ತದೆ. 50 ಮಿಲಿಮೀಟರ್ ಮಸೂರದಲ್ಲಿ ಇದೇ ಹಿಗ್ಗು ಶೇ. 6ರ ಆಸುಪಾಸು ಮಾತ್ರ. ಇಂದಿನ ಅನೇಕ ಮೊಬೈಲ್ ಫೋನುಗಳ ಮುಖ್ಯ ಕ್ಯಾಮೆರಾ 24ರಿಂದ 26 ಮಿಲಿಮೀಟರ್ ಮಸೂರಕ್ಕೆ ಸಮಾನವಾದ ನೋಟವನ್ನು ಕೊಡುತ್ತದೆ. ಇಕ್ಕಟ್ಟಾದ ಜಾಗದಲ್ಲಿ ನಿಂತು ತೆಗೆದ ಶಾಲೆಯ ಗುಂಪುಚಿತ್ರದಲ್ಲಿ ಸಾಲಿನ ತುದಿಯ ಉಪಾಧ್ಯಾಯರು ವರ್ಷವರ್ಷವೂ ದಪ್ಪಗೆ ಕಾಣಿಸುವುದಕ್ಕೆ ಅವರ ಊಟ ಕಾರಣವಲ್ಲ.

ಗಿಂಪ್‌ನ ಲೆನ್ಸ್ ಡಿಸ್ಟಾರ್ಷನ್ ಫಿಲ್ಟರ್ ಬಾಗಿದ ಗೆರೆಗಳನ್ನು ನೇರಗೊಳಿಸುವುದಕ್ಕಾಗಿ ಇರುವುದು. ಅಂಚಿನ ಈ ಹಿಗ್ಗನ್ನು ಅದು ಹೋಗಲಾಡಿಸುವುದಿಲ್ಲ. ತುದಿಯಲ್ಲಿರುವವರನ್ನು ಕೇಜ್ ಅಥವಾ ವಾರ್ಪ್‌ನಿಂದ ಅಡ್ಡಡ್ಡವಾಗಿ ಕುಗ್ಗಿಸಿ ನಿಜವಾದ ಪ್ರಮಾಣಕ್ಕೆ ತರಬಹುದು. ಇನ್ನೂ ಒಳ್ಳೆಯ ಉಪಾಯವೆಂದರೆ, ಸ್ಥಳವಿದ್ದರೆ ಛಾಯಾಗ್ರಾಹಕ ಹಿಂದಕ್ಕೆ ಹೋಗಿ, ಉದ್ದ ಮಸೂರದಿಂದ ಚಿತ್ರ ತೆಗೆಯುವುದು.

ಹತ್ತಿರದಿಂದ ತೆಗೆದ ಮುಖದ ಚಿತ್ರದಲ್ಲಿ ಕಾರಣ ಬೇರೆ. ಅಲ್ಲಿ ಮೂಗು ಕಿವಿಗಿಂತ ಕ್ಯಾಮೆರಾಕ್ಕೆ ಬಹಳ ಸಮೀಪದಲ್ಲಿರುವುದರಿಂದ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ವೈದ್ಯರು 2018ರಲ್ಲಿ ಪ್ರಕಟಿಸಿದ ಗಣಿತ ಮಾದರಿಯೊಂದರ ಪ್ರಕಾರ, 12 ಅಂಗುಲ ದೂರದಿಂದ ತೆಗೆದ ಸ್ವಂತಿಯಲ್ಲಿ ಮೂಗಿನ ಅಗಲ ಸುಮಾರು ಶೇ. 30ರಷ್ಟು ಹೆಚ್ಚಾಗಿ ತೋರುತ್ತದೆ. 5 ಅಡಿ ದೂರದಲ್ಲಿ ಈ ವ್ಯತ್ಯಾಸ ಇರುವುದಿಲ್ಲ. ಸ್ವಂತಿಗಳನ್ನು ನೋಡಿ ಮೂಗಿನ ಶಸ್ತ್ರಚಿಕಿತ್ಸೆಗೆ ಬರುವವರಿಗೆ ತಿಳಿಹೇಳಲು ಈ ಲೆಕ್ಕ ನೆರವಾಗಬೇಕೆಂಬುದು ಅವರ ಉದ್ದೇಶವಾಗಿತ್ತು. ತನ್ನ ಮುಖವನ್ನು ತಿದ್ದಲು ಗಿಂಪ್ ತೆರೆಯುವ ವಿದ್ಯಾರ್ಥಿ ಮೊದಲು ಬೇರೊಬ್ಬರ ಕೈಗೆ ಫೋನು ಕೊಟ್ಟು, ಐದಡಿ ದೂರದಿಂದ ಒಂದು ಚಿತ್ರ ತೆಗೆಸಿ ಹೋಲಿಸಿ ನೋಡಬೇಕು. ತಿದ್ದುವ ಅಗತ್ಯವೇ ಇಲ್ಲವೆಂದು ಎಷ್ಟೋ ಬಾರಿ ಗೊತ್ತಾಗುತ್ತದೆ.

ಇತರ ಮುಕ್ತ ತಂತ್ರಾಂಶಗಳು

ಚಿತ್ರ ಬರೆಯುವವರಿಗಾಗಿ ರೂಪಿಸಿದ ಕ್ರಿಟಾ ತಂತ್ರಾಂಶದ ಟ್ರಾನ್ಸ್‌ಫಾರ್ಮ್ ಸಾಧನದೊಳಗೆ ವಾರ್ಪ್, ಕೇಜ್ ಮತ್ತು ಲಿಕ್ವಿಫೈ ಮೂರೂ ಇವೆ. ಅದರ ಟ್ರಾನ್ಸ್‌ಫಾರ್ಮ್ ಮಾಸ್ಕ್ ಬಳಸಿದರೆ ಮೂಲ ಪದರವನ್ನು ಮುಟ್ಟದೆಯೇ ಆಕೃತಿಯನ್ನು ಬದಲಿಸಿ, ಬೇಕೆಂದಾಗ ಬದಲಾವಣೆಯನ್ನು ತೆಗೆದುಹಾಕಬಹುದು. ಈ ವಿಷಯದಲ್ಲಿ ಕ್ರಿಟಾ ಗಿಂಪ್‌ಗಿಂತ ಮುಂದಿದೆ.

ಒಪ್ಪಿಗೆಯ ಪ್ರಶ್ನೆ

ಮಸೂರ ಮಾಡಿದ ತಪ್ಪನ್ನು ಸರಿಪಡಿಸುವುದಕ್ಕೂ, ವ್ಯಕ್ತಿಯ ನಿಜವಾದ ಮೈಕಟ್ಟನ್ನು ಬದಲಿಸುವುದಕ್ಕೂ ಬಳಕೆಯಾಗುವುದು ಒಂದೇ ಸಾಧನ, ಒಂದೇ ಕೈಚಳಕ. ವ್ಯತ್ಯಾಸವಿರುವುದು ಯಾವ ಅಳತೆಗೆ ತರುತ್ತಿದ್ದೇವೆ ಮತ್ತು ಯಾರು ಒಪ್ಪಿದ್ದಾರೆ ಎಂಬುದರಲ್ಲಿ. 2003ರಲ್ಲಿ ಬ್ರಿಟನ್ನಿನ ಜಿಕ್ಯೂ ಪತ್ರಿಕೆ ನಟಿ ಕೇಟ್ ವಿನ್ಸ್ಲೆಟ್ ಅವರ ಕಾಲುಗಳನ್ನು ತೆಳ್ಳಗೆ ಮಾಡಿ ಮುಖಪುಟದಲ್ಲಿ ಮುದ್ರಿಸಿದಾಗ, ತಾವು ಹಾಗಿಲ್ಲ, ಹಾಗಾಗುವ ಬಯಕೆಯೂ ಇಲ್ಲ ಎಂದು ಅವರು ಬಹಿರಂಗವಾಗಿ ಆಕ್ಷೇಪಿಸಿದರು. 2015ರಲ್ಲಿ ನಟಿ ಜೆಂಡೇಯಾ, ಪತ್ರಿಕೆಯೊಂದು ತಮ್ಮ ಸೊಂಟ ಮತ್ತು ಮೈಯನ್ನು ಕಿರಿದುಗೊಳಿಸಿದ ಚಿತ್ರವನ್ನೂ ಮೂಲವನ್ನೂ ಪಕ್ಕಪಕ್ಕದಲ್ಲಿ ಪ್ರಕಟಿಸಿದರು. ಆ ಪತ್ರಿಕೆ ಸಂಚಿಕೆಯನ್ನು ಹಿಂತೆಗೆದುಕೊಂಡಿತು. ಇವರಿಗೆ ಮೂಲಚಿತ್ರವೂ ಜನರ ಗಮನವೂ ಲಭ್ಯವಿದ್ದವು. ತರಗತಿಯ ಗುಂಪಿನಲ್ಲಿ ಸಹಪಾಠಿಯೊಬ್ಬಳ ಚಿತ್ರವನ್ನು ತಮಾಷೆಗೆಂದು ಉಬ್ಬಿಸಿ ಹಂಚಿದರೆ ಆ ಹುಡುಗಿಗೆ ಇವೆರಡೂ ಇರುವುದಿಲ್ಲ.

ಪತ್ತೆ ಹಚ್ಚುವಿಕೆ

ಬಾಗಿದ ನೇರ ಗೆರೆಗಳು, ಒಂದೇ ವಿನ್ಯಾಸ ಹಿಗ್ಗಿರುವ ಅಥವಾ ಒತ್ತಿಕೊಂಡಿರುವ ಬಟ್ಟೆ, ದೇಹದೊಂದಿಗೆ ಹೊಂದದ ನೆರಳು ಇವು ಬರಿಗಣ್ಣಿಗೆ ಸಿಗುವ ಸುಳಿವುಗಳು. ಕನ್ನಡಿಯಲ್ಲಿನ ಪ್ರತಿಬಿಂಬವನ್ನು ತಿದ್ದಲು ಮರೆಯುವವರೂ ಉಂಟು. ಆದರೆ ತಿದ್ದುಪಡಿ ಸೂಕ್ಷ್ಮವಾಗಿದ್ದರೆ ಕಣ್ಣನ್ನು ನಂಬುವಂತಿಲ್ಲ. ಅಡೋಬಿ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಮೂಲ ಮುಖ ಮತ್ತು ತಿದ್ದಿದ ಮುಖ ಎರಡನ್ನೂ ತೋರಿಸಿ ಯಾವುದು ತಿದ್ದಿದ್ದು ಎಂದು ಕೇಳಿದಾಗ ಜನರ ಉತ್ತರ ಸರಿಯಾದದ್ದು ಶೇ. 53ರಷ್ಟು ಮಾತ್ರ, ನಾಣ್ಯ ಚಿಮ್ಮಿ ಹೇಳಿದ್ದರೂ ಇದಕ್ಕೆ ಹತ್ತಿರದ ಫಲವೇ ಬರುತ್ತಿತ್ತು. ಅವರು ತರಬೇತಿಗೊಳಿಸಿದ ಗಣಕಜಾಲವು ಶೇ. 99ರವರೆಗೆ ಸರಿಯಾಗಿ ಗುರುತಿಸಿತು. ಗಿಂಪ್ ಹುಟ್ಟಿದ ವಿಶ್ವವಿದ್ಯಾಲಯದಲ್ಲಿಯೇ ಈ ಪತ್ತೇದಾರಿಕೆಯೂ ನಡೆದದ್ದು ಕಾಕತಾಳೀಯ.

ಕಾನೂನು

ಇಸ್ರೇಲ್ 2012ರಲ್ಲಿ ಅಂಗೀಕರಿಸಿದ ಕಾನೂನು, ಜಾಹೀರಾತಿನಲ್ಲಿ ರೂಪದರ್ಶಿಯನ್ನು ತೆಳ್ಳಗೆ ತೋರುವಂತೆ ತಿದ್ದಿದ್ದರೆ ಅದನ್ನು ಸ್ಪಷ್ಟವಾಗಿ ನಮೂದಿಸಬೇಕೆಂದು ವಿಧಿಸಿತು. ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್ 1ರಿಂದ, ರೂಪದರ್ಶಿಯ ಮೈಯನ್ನು ತೆಳುವಾಗಿಸಿದ ಅಥವಾ ದಪ್ಪವಾಗಿಸಿದ ವಾಣಿಜ್ಯ ಚಿತ್ರಗಳ ಮೇಲೆ ಇದು ತಿದ್ದಿದ ಛಾಯಾಚಿತ್ರವೆಂಬ ಒಕ್ಕಣೆ ಕಡ್ಡಾಯವಾಯಿತು. ತಪ್ಪಿದರೆ 37,500 ಯೂರೋ ದಂಡ. ಅದನ್ನು ಜಾಹೀರಾತಿನ ವೆಚ್ಚದ ಶೇ. 30ರವರೆಗೆ ಏರಿಸಲು ಅವಕಾಶವಿದೆ. ಅದೇ ದಿನದಿಂದ ಗೆಟ್ಟಿ ಇಮೇಜಸ್ ಸಂಸ್ಥೆಯೂ ತನ್ನ ವಾಣಿಜ್ಯ ಸಂಗ್ರಹಕ್ಕೆ ಅಂತಹ ಚಿತ್ರಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ನಾರ್ವೆಯ ಕಾನೂನು 2022ರ ಜುಲೈ 1ರಂದು ಜಾರಿಗೆ ಬಂದಿತು. ಅದು ಮೈಯ ಆಕಾರ ಮತ್ತು ಗಾತ್ರದ ಜೊತೆಗೆ ಚರ್ಮದ ತಿದ್ದುಪಡಿಗೂ ಅನ್ವಯಿಸುತ್ತದೆ, ಸಾಮಾಜಿಕ ಜಾಲತಾಣಗಳಲ್ಲಿ ಹಣ ಪಡೆದು ಪ್ರಚಾರ ಮಾಡುವವರನ್ನೂ ಒಳಗೊಳ್ಳುತ್ತದೆ. ಇಂತಹ ಒಕ್ಕಣೆಗಳಿಂದ ನೋಡುಗರಿಗೆ ತಮ್ಮ ಮೈಕಟ್ಟಿನ ಬಗೆಗಿರುವ ಅತೃಪ್ತಿ ಕಡಿಮೆಯಾಗುವುದಿಲ್ಲವೆಂದು ಹಲವು ಅಧ್ಯಯನಗಳು ಹೇಳಿವೆ. ಆದ್ದರಿಂದ ಒಕ್ಕಣೆ ಸಾಕೇ ಅಥವಾ ತಿದ್ದುಪಡಿಯನ್ನೇ ತಡೆಯಬೇಕೇ ಎಂಬ ಚರ್ಚೆ ಮುಂದುವರಿದಿದೆ.

ಪಾಸ್‌ಪೋರ್ಟ್ ಮೊದಲಾದ ಗುರುತಿನ ದಾಖಲೆಗಳ ವಿಷಯದಲ್ಲಿ ಇಂತಹ ಚರ್ಚೆಗೆ ಎಡೆಯಿಲ್ಲ. ಗಡಿ ತಪಾಸಣೆಯ ಯಂತ್ರಗಳು ಮುಖದ ಲಕ್ಷಣಗಳನ್ನು ಹೋಲಿಸಿ ಮುಖವನ್ನು ಗುರುತಿಸುತ್ತವೆ. ಅಂತಹ ಚಿತ್ರದಲ್ಲಿ ಆಕೃತಿಯನ್ನು ಅಲ್ಪವಾಗಿಯೂ ಬದಲಿಸಬಾರದು.